ಬಲ್ಬೇ ಹೋಗಿರಬೇಕು!

ಬ್ರೇಕು ಕಿರುಗುಟ್ಟಿದರೆ, ಎಂಜಿನ್ನು ಕೆಮ್ಮಿದರೆ ಅದು ಹಾಡಹಗಲೇ ನಾಲ್ಕು ಜನರ ಕಿವಿಗೆ ಬೀಳುತ್ತದೆ. ಹೆಡ್‌ಲೈಟು ಮಾತ್ರ ತಾನು ಕೆಟ್ಟ ಸುದ್ದಿಯನ್ನು ಹಗಲಿಡೀ ಗುಟ್ಟಾಗಿಟ್ಟುಕೊಂಡು, ಮೆಕ್ಯಾನಿಕ್ಕುಗಳೆಲ್ಲ ಬಾಗಿಲು ಎಳೆದುಕೊಂಡು ಮನೆ ಸೇರಿದ ಮೇಲೆಯೇ ಪ್ರಕಟಿಸುತ್ತದೆ. ಅದನ್ನು ಪರೀಕ್ಷಿಸಲು ಬೆಳಕು ಬೇಕು, ಬೆಳಕು ಕೊಡಬೇಕಾದದ್ದೋ ಅದೇ. ಹೀಗಾಗಿ ನನ್ನ ಕಾರಿನ ಎರಡೂ ಹೆಡ್‌ಲೈಟುಗಳು ಒಟ್ಟಿಗೆ ಕೈಕೊಟ್ಟ ಸಂಜೆ, ಮೊಬೈಲನ್ನು ಗಲ್ಲಕ್ಕೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಅದರ ಟಾರ್ಚಿನ ಬೆಳಕಿನಲ್ಲಿ ಬಾನೆಟ್ಟಿನೊಳಗೆ ತಲೆ ತೂರಿಸಬೇಕಾಯಿತು.

ತೆರೆದ ಬಾನೆಟ್ಟು ಕಂಡರೆ ಜನ ಸುಮ್ಮನೆ ಹಾದುಹೋಗುವುದಿಲ್ಲ. ಪಕ್ಕದ ಮನೆಯ ಹಿರಿಯರು ಬಂದರು, ಅವರ ಹಿಂದೆಯೇ ನನ್ನ ಭಾವಮೈದುನ ಬಂದ, ಕಾರನ್ನೇ ಇಟ್ಟುಕೊಳ್ಳದ ಇನ್ನೊಬ್ಬರೂ ಕೈ ಹಿಂದೆ ಕಟ್ಟಿಕೊಂಡು ನಿಂತರು. ಮೂವರ ತೀರ್ಪೂ ಒಂದೇ: “ಬಲ್ಬೇ ಹೋಗಿರಬೇಕು.” ಎರಡು ಬಲ್ಬುಗಳು ಒಂದೇ ಗಳಿಗೆಯಲ್ಲಿ ಸಾಯಲು ಅವೇನು ಜೊತೆಗೆ ಶಪಥ ಮಾಡಿದ್ದವೇ ಎಂದು ನಾನು ಕೇಳಿದೆ. ನಿಜ ಹೇಳಬೇಕೆಂದರೆ ಈ ವಾದಕ್ಕೂ ಒಂದು ಸಂದು ಇದೆ: ಎಷ್ಟೋ ಕಾರುಗಳಲ್ಲಿ ಒಂದು ಬಲ್ಬು ಎಂದೋ ಹೋಗಿ, ಉಳಿದೊಂದು ಇಬ್ಬರ ಕೆಲಸವನ್ನೂ ಮಾಡುತ್ತಿರುತ್ತದೆ, ಅದೂ ಕಣ್ಣು ಮುಚ್ಚಿದಾಗಲೇ ಮಾಲೀಕರಿಗೆ ವಿಷಯ ತಿಳಿಯುವುದು. ಆದ್ದರಿಂದ ಬಲ್ಬುಗಳನ್ನು ಬಿಚ್ಚಿ ನೋಡುವುದೆಂದಾಯಿತು. ನಮ್ಮದು ಎಚ್4 ಎಂಬ ಹ್ಯಾಲೊಜೆನ್ ಜಾತಿಯದು. ಒಂದೇ ಗಾಜಿನೊಳಗೆ 55 ವ್ಯಾಟಿನ ಡಿಮ್ ತಂತಿ, 60 ವ್ಯಾಟಿನ ಹೈ ಬೀಮ್ ತಂತಿ, ಹಿಂದೆ ಮೂರು ಪಿನ್ನು. ತಂತಿಗಳು ತುಂಡಾಗಿರಲಿಲ್ಲ, ಗಾಜು ಹೊಗೆ ಹಿಡಿದಂತೆ ಕಪ್ಪಾಗಿಯೂ ಇರಲಿಲ್ಲ. ಅಷ್ಟರಲ್ಲಿ ಭಾವಮೈದುನ ಗ್ರೀಸು ಮೆತ್ತಿದ ಬೆರಳುಗಳಿಂದ ಗಾಜನ್ನೇ ಹಿಡಿಯಹೋದ. ಹ್ಯಾಲೊಜೆನ್ ಬಲ್ಬಿನ ಗಾಜಿಗೆ ಜಿಡ್ಡು ತಾಗಿದರೆ ಆ ಜಾಗ ಮಾತ್ರ ಅತಿಯಾಗಿ ಕಾದು ಬಲ್ಬಿನ ಆಯುಸ್ಸು ಕುಗ್ಗುತ್ತದೆ ಎಂದು ತಡೆದೆ. “ಹೇಗೂ ಸತ್ತ ಬಲ್ಬು ತಾನೇ, ಭಾವ?” ಎಂದ. ತೀರ್ಪು ಬದಲಾಗಿರಲಿಲ್ಲ.

ಮುಂದಿನ ಸರದಿ ಫ್ಯೂಸಿನದು. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿರುವ ನಕ್ಷೆಯನ್ನು ಬಹುಶಃ ಇರುವೆಗಳು ಓದಲೆಂದೇ ಅಚ್ಚು ಹಾಕಿರುತ್ತಾರೆ. ಕೆಂಪು ಎಂದರೆ 10 ಆಂಪಿಯರ್, ನೀಲಿ ಎಂದರೆ 15 ಎಂಬ ಬಣ್ಣದ ಲೆಕ್ಕ ಗೊತ್ತಿದ್ದರಿಂದ ಬಚಾವಾದೆವು. ಎಡಕ್ಕೊಂದು ಬಲಕ್ಕೊಂದು ಎಂದು ಬೇರೆ ಬೇರೆ ಫ್ಯೂಸುಗಳಿದ್ದು, ಎರಡೂ ಗಟ್ಟಿಯಾಗಿಯೇ ಇದ್ದವು. “ಅನುಮಾನವಿದ್ದರೆ ತೆಗೆದುಹಾಕಿ ಒಂದು ತಂತಿ ಸುತ್ತಿಬಿಡಿ” ಎಂದರು ಹಿರಿಯರು. ವೈರಿಂಗಿನ ಬದಲು ತಾನು ಸುಟ್ಟುಹೋಗಲು ಒಪ್ಪಿಕೊಂಡಿರುವ ಏಕೈಕ ಬಿಡಿಭಾಗ ಫ್ಯೂಸು. ಅದರ ಜಾಗಕ್ಕೆ ತಂತಿ ಸುತ್ತಿದರೆ ಸುಡುವ ಸರದಿ ಕಾರಿನದಾಗುತ್ತದೆ. ಇದನ್ನು ಹಿರಿಯರಿಗೆ ಹಿರಿತನಕ್ಕೆ ಧಕ್ಕೆಯಾಗದಂತೆ ಹೇಳುವುದು ಆ ಸಂಜೆಯ ಅತಿ ಕಷ್ಟದ ಕೆಲಸವಾಗಿತ್ತು.

ಆಮೇಲೆ ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನ ಅಪ್ಪಣೆಯಂತೆ ದೀಪದ ದೊಡ್ಡ ಕರೆಂಟನ್ನು ಬಿಡುವ, ತಡೆಯುವ ಪುಟ್ಟ ಡಬ್ಬಿ. ಸ್ವಿಚ್ಚು ತಿರುಗಿಸಿದಾಗ ಅದು ‘ಟಕ್’ ಎನ್ನುತ್ತಿತ್ತು, ಆದರೆ ‘ಟಕ್’ ಎಂದ ಮಾತ್ರಕ್ಕೆ ಒಳಗೆ ಕರೆಂಟು ದಾಟಿದೆ ಎಂಬ ಖಾತ್ರಿಯಿಲ್ಲ. ಪಕ್ಕದಲ್ಲೇ ಹಾರ್ನಿಗೂ ಅದೇ ನಂಬರಿನ ರಿಲೇ ಇದ್ದುದರಿಂದ ಎರಡನ್ನೂ ಅದಲುಬದಲು ಮಾಡಿದೆವು. ದೀಪ ಹತ್ತಲಿಲ್ಲ. ಹಾರ್ನು ಮಾತ್ರ ಬೀದಿಯ ನಾಯಿಗಳೆಲ್ಲ ಉತ್ತರ ಕೊಡುವಷ್ಟು ಸೊಗಸಾಗಿ ಕೂಗಿತು. ಅಂದರೆ ರಿಲೇಯೂ ನಿರಪರಾಧಿ.

ಕೊನೆಗೆ ಟೆಸ್ಟ್ ಲ್ಯಾಂಪು ತಂದೆ. ಹಿಡಿಕೆಯೊಳಗೊಂದು ಪುಟ್ಟ ಬಲ್ಬು, ಒಂದು ತುದಿಗೆ ಮೊನೆ, ಇನ್ನೊಂದಕ್ಕೆ ಕ್ಲಿಪ್ಪು. ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಹೆಡ್‌ಲೈಟಿನ ಕನೆಕ್ಟರಿನಲ್ಲಿ ಕರೆಂಟು ಬರುವ ಪಿನ್ನಿಗೆ ಮೊನೆ ತಾಗಿಸಿದರೆ ಟೆಸ್ಟ್ ಲ್ಯಾಂಪು ಝಗ್ಗನೆ ಹತ್ತಿತು. ಕ್ಲಿಪ್ಪನ್ನು ಅದೇ ಕನೆಕ್ಟರಿನ ಅರ್ತ್ ಪಿನ್ನಿಗೆ ಬದಲಾಯಿಸಿದರೆ ಕತ್ತಲೆ. ಇಷ್ಟರಲ್ಲೇ ಕಳ್ಳ ಸಿಕ್ಕಿದಂತಾಯಿತು: ಬಲ್ಬಿನವರೆಗೆ ಕರೆಂಟು ಬರುತ್ತಿದೆ, ವಾಪಸು ಹೋಗಲು ದಾರಿಯಿಲ್ಲ. ಕಾರಿನಲ್ಲಿ ಆ ವಾಪಸು ದಾರಿ ಎಂದರೆ ಬಾಡಿಯ ಲೋಹವೇ. ಅರ್ತ್ ವೈರನ್ನು ಒಂದು ಬೋಲ್ಟಿನಿಂದ ಅದಕ್ಕೆ ಬಿಗಿದಿರುತ್ತಾರೆ. ನಮ್ಮ ಕಾರಿನಲ್ಲಿ ಎರಡೂ ಹೆಡ್‌ಲೈಟುಗಳ ಸಂಸಾರ ಒಂದೇ ಬೋಲ್ಟಿನ ಮೇಲೆ ನಿಂತಿತ್ತು. ಅದು ಬ್ಯಾಟರಿಯ ಕೆಳಗಿನ ಮೂಲೆಯಲ್ಲಿ, ವೈರಿನ ತುದಿಯ ತಾಮ್ರ ಹಸಿರುಗಟ್ಟಿ, ವಾಶರು ತುಕ್ಕು ತಿಂದು, ಬೋಲ್ಟು ಯಾವುದು ಮಣ್ಣು ಯಾವುದು ಎಂದು ತಿಳಿಯದಂತೆ ಕುಳಿತಿತ್ತು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು, ಬೋಲ್ಟು ತೆಗೆದು, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ತಿಕ್ಕಿ ಮರಳಿ ಬಿಗಿದೆ. ತಂತಿ ಜೋಡಿಸಿ ಸ್ವಿಚ್ಚು ಹಾಕಿದ ಕೂಡಲೇ ಎದುರಿನ ಗೋಡೆ ಬೆಳಗಿತು. “ನೋಡಿದಿರಾ, ಬಲ್ಬು ಬಿಚ್ಚಿ ಹಾಕಿದ್ದೇ ಸರಿಯಾಯಿತು” ಎಂದರು ಹಿರಿಯರು.

ಬಲ್ಬು ಬಿಚ್ಚಿ ಹಾಕಿದ್ದರ ಫಲ ರಸ್ತೆಗಿಳಿದ ಮೇಲೆ ಕಂಡಿತು. ಕತ್ತಲಲ್ಲಿ ಭಾವಮೈದುನ ಬಲಗಡೆಯ ಬಲ್ಬನ್ನು ಅದರ ಕಚ್ಚಿಗೆ ಸರಿಯಾಗಿ ಕೂರಿಸದೆ, ಅದನ್ನು ಅಲುಗಾಡದಂತೆ ಹಿಡಿಯುವ ತಂತಿಯ ಕ್ಲಿಪ್ಪನ್ನೂ ಸಿಕ್ಕಿಸದೆ ಹಾಗೆಯೇ ಬಿಟ್ಟಿದ್ದ. ಎಡಗಡೆಯ ದೀಪ ರಸ್ತೆಯನ್ನು ನೋಡುತ್ತಿದ್ದರೆ ಬಲಗಡೆಯದು ಮರದ ತುದಿಗಳಲ್ಲಿ ಮಲಗಿದ್ದ ಹಕ್ಕಿಗಳನ್ನು ಒಂದೊಂದಾಗಿ ಎಬ್ಬಿಸುತ್ತಿತ್ತು. ಎದುರಿಗೆ ಬಂದ ವಾಹನದವರೆಲ್ಲ ಸಿಟ್ಟಿನಿಂದ ನಮ್ಮತ್ತ ಲೈಟು ಮಿಟುಕಿಸಿದರು. ಪಕ್ಕದ ಸೀಟಿನಲ್ಲಿ ಕುಳಿತಿದ್ದ ಭಾವಮೈದುನ ಅದನ್ನು ಬಹಳ ಹೊತ್ತು ನೋಡಿ, “ಈ ದಾರಿಯಲ್ಲಿ ನಿಮಗೆ ಇಷ್ಟೊಂದು ಜನರ ಪರಿಚಯವಿದೆ ಎಂದು ಗೊತ್ತಿರಲಿಲ್ಲ, ಭಾವ” ಎಂದ.