ಪರವಾಗಿಲ್ಲ ಅಂದರೆ ಪರರಾಗಿಲ್ಲ ಅಂತಲ್ಲ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ "ಪರವಾಗಿಲ್ಲ" ಅನ್ನುವ ಮಾತಿಗೆ ನಾನೇ ಒಂದು ಹುಟ್ಟು ಕಟ್ಟಿ ಬರೆದಿದ್ದೆ. ಪರ ಅಂದರೆ ಹೊರಗಿನವರು. ಯಾರೋ ನಮ್ಮ ಕಾಲು ತುಳಿದು ಬೇಜಾರಾಯ್ತಾ ಅಂತ ಕೇಳುತ್ತಾರೆ. ನಾವು "ಪರ ಆಗಿಲ್ಲ" ಅನ್ನುತ್ತೇವೆ. ಅಂದರೆ, ಇಷ್ಟಕ್ಕೆಲ್ಲ ನೀನು ನನಗೆ ಪರಕೀಯ ಆಗಲಿಲ್ಲ ಬಿಡು, ಅಂತ. ಕೊನೆಗೆ ಎಂಥ ಭಾಷೆ ನಮ್ಮದು ಅಂತ ಒಂದು ಉಸಿರು ಬೇರೆ ಬಿಟ್ಟಿದ್ದೆ. ಜನ ಮೆಚ್ಚಿದರು, ಹಂಚಿದರು. ನಾನು ಎರಡು ದಿನ ಬೀಗಿಕೊಂಡು ಓಡಾಡಿದೆ.

ಮೂರನೇ ದಿನ ಪರಿಚಯದ ಹಿರಿಯರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ತೆಲುಗಿನವರು ಇದಕ್ಕೆ ಏನಂತಾರೆ?" ಪರವಾಲೇದು, ಅಂದೆ. "ತೆಲುಗಲ್ಲಿ ಆಗಿಲ್ಲ ಅನ್ನೋದಕ್ಕೆ?" ಕಾಲೇದು. "ಮತ್ತೆ ನಿನ್ನ ಕಥೆ ನಿಜವಾಗಿದ್ರೆ ಅಲ್ಲಿ ಕಾಲೇದು ಎಲ್ಲಿ ಹೋಯ್ತು?"

ಕಥೆ ಅಲ್ಲೇ ಕುಸಿದುಬಿತ್ತು. ತೆಲುಗಿನದು ಪರವಾ, ಲೇದು. ತಮಿಳರದು ಪರವಾಯಿಲ್ಲೈ. ಮೂರರಲ್ಲೂ ಇರುವುದು "ಪರ್ವಾ" ಅನ್ನುವ ಪಾರಸಿ ಪದ. ಚಿಂತೆ, ಕಾಳಜಿ ಅಂತ ಅರ್ಥ. ಹಿಂದಿಯವರ ಬೇಪರ್ವಾ, ಲಾಪರ್ವಾಹಿ ಎಲ್ಲ ಇದರ ಮಕ್ಕಳೇ. ಪರವಾ ಇಲ್ಲ, ಅಂದರೆ ಚಿಂತೆ ಇಲ್ಲ. ಅದನ್ನು ಕನ್ನಡದ ಬಾಯಿ "ಆಗಿಲ್ಲ"ದ ಅಚ್ಚಿಗೆ ತಿರುಗಿಸಿಕೊಂಡಿತು. ನಾನು ಆ ಅಚ್ಚನ್ನು ನೋಡಿ ಮೋಸಹೋದೆ.

ಅವತ್ತಿನಿಂದ ನನಗೊಂದು ಅನುಮಾನದ ರೋಗ ಅಂಟಿದೆ. ಪದದ ಹುಟ್ಟಿನ ಕಥೆ ಜಾಸ್ತಿ ಚಂದ ಇದ್ದಷ್ಟೂ ನಂಬಿಕೆ ಕಮ್ಮಿ. ನ್ಯೂಸ್ ಅಂದರೆ ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಅಂತ ಶಾಲೆಯಿಂದ ಕೇಳುತ್ತಾ ಬಂದಿದ್ದೇವೆ, ಅಲ್ವಾ? ಸುಳ್ಳು. ಅದು "ಹೊಸದು" ಅನ್ನುವ ಇಂಗ್ಲಿಷ್ ಪದದ ಬಹುವಚನ, ಅಷ್ಟೇ. ಬೆಂದಕಾಳೂರಿನ ಕಥೆಯೂ ಹಾಗೇ. ಹೊಯ್ಸಳ ಬಲ್ಲಾಳ ಬೆಂದ ಕಾಳು ತಿನ್ನುವುದಕ್ಕೆ ಮುನ್ನೂರು ವರ್ಷ ಮೊದಲೇ, ಬೇಗೂರಿನ ಸುಮಾರು 890ರ ಕಲ್ಲಿನಲ್ಲಿ "ಬೆಂಗಳೂರು" ಅಂತ ಕೆತ್ತಿದ್ದಾರೆ. ಕಲ್ಲಿನ ಮುಂದೆ ಕಾಳು ಏನು ಮಾಡೀತು?

ಸುಳ್ಳು ಕಥೆಗಳ ಮೇಲೆ ನನಗೆ ಸಿಟ್ಟು ಬರುವುದು ಅವು ಸುಳ್ಳು ಅಂತಲ್ಲ. ಅವು ನಿಜವಾದ ಕಥೆಗೆ ಅಡ್ಡ ನಿಲ್ಲುತ್ತವೆ ಅಂತ. ನಿಜದ ಕಥೆ ಹೆಚ್ಚಾಗಿ ಇನ್ನೂ ದೊಡ್ಡದಿರುತ್ತದೆ. "ಬಿಟ್ಟಿ" ಅನ್ನುವ ಪದವನ್ನೇ ನೋಡಿ. ಕೇಳಿದರೆ ಎಲ್ಲರೂ ಹೇಳುವುದು: ಬಿಡು, ಬಿಟ್ಟ, ಬಿಟ್ಟಿ. ಯಾರೋ ಬಿಟ್ಟುಕೊಟ್ಟದ್ದು, ಆದ್ದರಿಂದ ಪುಕ್ಕಟೆ. ಸರಿಯಾಗೇ ಕೇಳಿಸುತ್ತದೆ. ಆದರೆ ಇದು ಸಂಸ್ಕೃತದ "ವಿಷ್ಟಿ". ಹಾಗಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸುವ ಕೆಲಸ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಈ ಪದ ಇದೆ. ಅದು ಕನ್ನಡಕ್ಕೆ ಬರುವಾಗ ಮಾಮೂಲಿ ದಾರಿಯಲ್ಲೇ ಬಂತು. ವನ ಬನವಾದ ಹಾಗೆ, ವರ್ಣ ಬಣ್ಣವಾದ ಹಾಗೆ, ವಸತಿ ಬಸದಿಯಾದ ಹಾಗೆ, ವಿ ಬಿ ಆಯಿತು. ದೃಷ್ಟಿ ದಿಟ್ಟಿಯಾದ ಹಾಗೆ, ಇಷ್ಟಿಕೆ ಇಟ್ಟಿಗೆಯಾದ ಹಾಗೆ, ಷ್ಟಿ ಟ್ಟಿ ಆಯಿತು.

ನಮ್ಮ ಹಳೆಯ ಶಾಸನಗಳಲ್ಲಿ ಊರಿನವರ ಮೇಲಿನ ತೆರಿಗೆ, ಕಾಣಿಕೆಗಳ ಜೊತೆ ಬಿಟ್ಟಿಯೂ ಬರುತ್ತದೆ. ಅಂದರೆ ಆಳುವವನಿಗೆ ನೀವು ದುಡ್ಡು ಕೊಡಬೇಕು, ದವಸ ಕೊಡಬೇಕು, ಮೈ ಬಗ್ಗಿಸಿ ದುಡಿದೂ ಕೊಡಬೇಕು. ಹಳಬರ ಬಾಯಲ್ಲಿ "ಬಿಟ್ಟಿ ಬೇಗಾರಿ" ಅಂತ ಜೋಡಿ ಪದ ಇನ್ನೂ ಉಳಿದಿದೆ. ಬೇಗಾರಿ ಪಾರಸಿಯಿಂದ ಬಂದದ್ದು, ಅದರ ಅರ್ಥವೂ ಅದೇ. ಒಂದೇ ಸಂಕಟಕ್ಕೆ ಎರಡು ಭಾಷೆಯ ಹೆಸರು. ಆಳುವವರು ಬದಲಾದರು, ಕೆಲಸ ಬದಲಾಗಲಿಲ್ಲ.

ಈಗ ಪದ ಎಲ್ಲಿಗೆ ಬಂದು ನಿಂತಿದೆ ನೋಡಿ. ಕೊಡುವವನಿಗೆ ಕೂಲಿ ಇಲ್ಲದ್ದು ಪಡೆಯುವವನಿಗೆ ಖರ್ಚಿಲ್ಲದ್ದು ತಾನೇ? ಅರ್ಥ ನಿಧಾನವಾಗಿ ದುಡಿದವನ ಕಡೆಯಿಂದ ಪಡೆದವನ ಕಡೆಗೆ ಜಾರಿತು. ಆಮೇಲೆ "ಬಿಟ್ಟಿ ಕೂಳು" ಅನ್ನುವುದು ಬೈಗುಳವಾಯಿತು. ಬಡವರಿಗೆ ಸರ್ಕಾರ ಏನಾದರೂ ಕೊಟ್ಟಾಗಲೆಲ್ಲ ಇದೇ ಪದ ಮೂಗು ಮುರಿಯುತ್ತಾ ಓಡಿ ಬರುತ್ತದೆ. ಯಾರ ಬೆನ್ನು ಮುರಿದು ಈ ಪದ ಹುಟ್ಟಿತೋ ಅವರಿಗೇ ಅದನ್ನು ತಿರುಗಿಸಿ ಎಸೆಯುತ್ತಿದ್ದೇವೆ. ಇದು ಗೊತ್ತಾದ ಮೇಲೆ ನನಗೆ ಆ ಪದ ಬಾಯಿಗೆ ಬರುವಾಗ ಸ್ವಲ್ಪ ತಡೆಯುತ್ತದೆ. ಬಳಸಬೇಡಿ ಅಂತ ಹೇಳುತ್ತಿಲ್ಲ. ನನಗೆ ತಡೆಯುತ್ತದೆ ಅಂದೆ, ಅಷ್ಟೇ.

(ಹೊಯ್ಸಳರ ಬಿಟ್ಟಿದೇವನಿಗೂ ಇದಕ್ಕೂ ಸಂಬಂಧ ಇಲ್ಲ. ಅವನ ಬಿಟ್ಟಿ ವಿಷ್ಣುವಿನಿಂದ ಬಂದದ್ದು, ಕೃಷ್ಣ ಕಿಟ್ಟನಾದ ಹಾಗೆ. ಅವನನ್ನು ಬಿಟ್ಟಿಬಿಡಿ. ಕ್ಷಮಿಸಿ, ಬಿಟ್ಟುಬಿಡಿ.)

ಸಂಸ್ಕೃತದಿಂದ ಬಂದ ಪದಗಳಲ್ಲಿ ಇನ್ನೊಂದು ಮಜಾ ಇದೆ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಊರಲ್ಲಿ ಬೆಳೆದು ಒಬ್ಬರಿಗೊಬ್ಬರು ಗುರುತೇ ಸಿಗದ ಹಾಗೆ ಆಗಿಬಿಟ್ಟಿರುತ್ತಾರೆ. ಅವಸರ ಅಂದರೆ ಹಿಂದಿಯವರಿಗೆ ಅವಕಾಶ. ತೆಲುಗರಿಗೆ ಅಗತ್ಯ. ನಮಗೆ ಗಡಿಬಿಡಿ. ಉಪನ್ಯಾಸ ಅಂದರೆ ಹಿಂದಿಯವರು ಕುರ್ಚಿಯಲ್ಲಿ ಕೂತು ಓದುವ ಕಾದಂಬರಿ, ನಾವು ಕುರ್ಚಿಯಲ್ಲಿ ಕೂತು ತೂಕಡಿಸುವ ಭಾಷಣ. ಚೇಷ್ಟೆ ಅಂದರೆ ಬಂಗಾಳಿಗಳಿಗೆ ಪ್ರಯತ್ನ, ನಮಗೆ ಕಿತಾಪತಿ. ಇನ್ನು ಹಿಂದಿಯ "ಶಿಕ್ಷಾ ಮಂತ್ರಿ" ಅನ್ನುವುದನ್ನು ಮೊದಲ ಸಲ ಓದಿದ ಯಾವ ಕನ್ನಡದ ಹುಡುಗ ತಾನೇ ಹೆದರಿಲ್ಲ?

ಕಾದಂಬರಿ ಅಂದೆನಲ್ಲ, ಅದು ಒಬ್ಬ ಹುಡುಗಿಯ ಹೆಸರು. ಏಳನೇ ಶತಮಾನದ ಬಾಣ ಬರೆದ ಸಂಸ್ಕೃತ ಗದ್ಯಕಥೆಯ ನಾಯಕಿ. ಅವಳ ಹೆಸರೇ ಪುಸ್ತಕಕ್ಕೆ. ಆಮೇಲೆ ಕನ್ನಡ, ಮರಾಠಿಗಳಲ್ಲಿ ಆ ಒಂದು ಪುಸ್ತಕದ ಹೆಸರೇ ಅಂಥ ಎಲ್ಲ ಪುಸ್ತಕಗಳ ಜಾತಿಗೆ ಹೆಸರಾಯಿತು.

ಈಗ ಅಪರೂಪದ ಪದಗಳ ಮಾತು. ನನ್ನ ಸುತ್ತ ಪದ ಸಂಗ್ರಹಿಸುವ ಗೆಳೆಯರು ಒಂದಷ್ಟು ಜನ ಇದ್ದಾರೆ. ನಿಘಂಟಿನ ಮೂಲೆಯಿಂದ ಯಾರೂ ಕೇಳದ ಪದ ಹೆಕ್ಕಿ ತಂದು ತೋರಿಸುತ್ತಾರೆ. ಅರ್ಥ ಕೇಳಿ ನಾವು "ಓಹೋ" ಅನ್ನಬೇಕು. ಅದು ತಪ್ಪಲ್ಲ, ನಾನೂ ಮಾಡಿದ್ದೇನೆ. ಆದರೆ ನನಗೆ ಹೆಚ್ಚು ರುಚಿಸುವುದು ದಿನಾ ಬಳಸುವ ಪದದೊಳಗೆ ಸಿಕ್ಕಿಕೊಂಡ ಹಳೆಯ ಪದ. ಮುಗುಳ್ನಗೆಯಲ್ಲಿ ಇರುವ ಮುಗುಳ್ ಅಂದರೆ ಮೊಗ್ಗು. ಇನ್ನೂ ಅರಳದ ನಗು. ತಿಂಗಳು ಅಂದರೆ ಮೊದಲು ಚಂದ್ರನೇ. ಚಂದ್ರ ಒಂದು ಸುತ್ತು ಮುಗಿಸುವ ಕಾಲಕ್ಕೂ ಅದೇ ಹೆಸರಾಯಿತು. ಆಮೇಲೆ ನಾವು ಚಂದ್ರನನ್ನು ಮರೆತು ಲೆಕ್ಕವನ್ನು ಮಾತ್ರ ಇಟ್ಟುಕೊಂಡೆವು. ಬೆಳದಿಂಗಳಲ್ಲಿ ಮಾತ್ರ ಅವನು ಇನ್ನೂ ಇದ್ದಾನೆ: ಬೆಳ್ ಅಂದರೆ ಬಿಳಿ, ಬಿಳಿಯ ತಿಂಗಳು. ಹೆಬ್ಬಾವು, ಹೆಬ್ಬಾಗಿಲು, ಹೆದ್ದಾರಿಗಳಲ್ಲಿ ಇರುವ ದೊಡ್ಡದು ಅನ್ನುವ "ಪೆರ್" ಹೆಮ್ಮೆಯಲ್ಲೂ ಇದೆ. ಅದು ಹಳಗನ್ನಡದಲ್ಲಿ ಪೆರ್ಮೆ. ಹೀಗಾಗಿ ಹೆಬ್ಬೆಟ್ಟಿಗೂ ಹೆಮ್ಮೆಗೂ ಒಂದೇ ಬೇರು. ಸಹಿ ಹಾಕಲು ಬರದವರನ್ನು ಹೆಬ್ಬೆಟ್ಟು ಅಂತ ಹೀಯಾಳಿಸುವವರಿಗೆ ಇದನ್ನು ಹೇಳಿ ನೋಡಿ.

ಅಡಗೂಲಜ್ಜಿ ಕಥೆ ಅನ್ನುತ್ತೇವೆ. ಯಾರು ಈ ಅಜ್ಜಿ? ಅಡು ಅಂದರೆ ಬೇಯಿಸು, ಕೂಳು ಅಂದರೆ ಅನ್ನ. ದಾರಿಹೋಕರಿಗೆ ಅಡುಗೆ ಮಾಡಿ ಬಡಿಸುತ್ತಿದ್ದ ಮುದುಕಿ. ನೂರು ಊರಿನ ಜನ ಅವಳ ಜಗಲಿಯಲ್ಲಿ ಕೂತು ಎದ್ದು ಹೋಗುತ್ತಿದ್ದರು. ಅವಳ ಹತ್ತಿರ ಕಥೆ ಇರದೆ ಇನ್ಯಾರ ಹತ್ತಿರ ಇರುತ್ತದೆ? ಅಡುಗೆಯ ಕೆಲಸ ಪದದೊಳಗೆ ಮುಚ್ಚಿಹೋಯಿತು, ಕಥೆ ಮಾತ್ರ ನಮಗೆ ಉಳಿಯಿತು.

ಪದದ ಹುಟ್ಟು ಹುಡುಕುವಾಗ ಕನ್ನಡದಲ್ಲಿ ಒಂದು ದೊಡ್ಡ ಗುಂಡಿ ಇದೆ. ನಾವು ಒಂದು ಅಕ್ಷರವನ್ನೇ ಕಳೆದುಕೊಂಡಿದ್ದೇವೆ. ಬಾಳು ಅಂದರೆ ಬದುಕು. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ. ಇವತ್ತು ಯಾರಾದರೂ "ಬಾಳು ಕತ್ತಿಯ ಅಲಗಿನ ಹಾಗೆ, ಅದಕ್ಕೇ ಎರಡಕ್ಕೂ ಒಂದೇ ಹೆಸರು" ಅಂತ ಬರೆದರೆ ಸಾವಿರ ಜನ ತಲೆದೂಗುತ್ತಾರೆ. ಆದರೆ ಬದುಕಿನದು ಬಾೞ್. ಕತ್ತಿಯದು ಬಾಳ್. ಎರಡು ಬೇರೆ ಸದ್ದು, ಬೇರೆ ಅಕ್ಷರ. ತಮಿಳು, ಮಲಯಾಳಗಳಲ್ಲಿ ಈ ವ್ಯತ್ಯಾಸ ಇವತ್ತಿಗೂ ಜೀವಂತ. ನಮ್ಮಲ್ಲಿ ೞ ಮಾತಿನಿಂದ ಮಾಯವಾಗಿ, ಎಷ್ಟೋ ಕಡೆ ಳದೊಳಗೆ ಕರಗಿಹೋಯಿತು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇವುಗಳ ವ್ಯತ್ಯಾಸ ಹೇಳಿಕೊಡಲು ಕಷ್ಟಪಡುವುದನ್ನು ನೋಡಿದರೆ, ಆಗಲೇ ಜನಕ್ಕೆ ಗೊಂದಲ ಶುರುವಾಗಿತ್ತು ಅನ್ನಿಸುತ್ತದೆ. ಪಾಪದ ಅಕ್ಷರ. ಕಂಪ್ಯೂಟರಿಗೆ ಬಂದ ಮೇಲೂ ಅದರ ಹಣೆಬರಹ ಸರಿಹೋಗಲಿಲ್ಲ. ಯೂನಿಕೋಡ್‌ನಲ್ಲಿ ಅದಕ್ಕೆ ತಪ್ಪಾಗಿ "ಫ" ಅಂತ ಹೆಸರಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ತಪ್ಪು ಅಂತ ಒಂದು ಟಿಪ್ಪಣಿ ಪಕ್ಕದಲ್ಲಿಟ್ಟು ಸುಮ್ನೆ ಆಗಿದ್ದಾರೆ.

ಇಷ್ಟು ಹೇಳಿದ ಮೇಲೆ ಅಚ್ಚಕನ್ನಡದ ಗೆಳೆಯರು ಜಗಳಕ್ಕೆ ಬರುತ್ತಾರೆ. ಪರವಾಗಿಲ್ಲ ಪಾರಸಿ ಆದರೆ ಅದನ್ನು ಬಿಡೋಣ ಅನ್ನುತ್ತಾರೆ. ಬಿಡಿ. ಜೊತೆಗೆ ಜಾಸ್ತಿ, ಕಮ್ಮಿ, ರಸ್ತೆ, ಅರ್ಜಿ, ಖಾಲಿ, ಜಮೀನು ಬಿಡಿ. ಮೇಸ್ತ್ರಿಯನ್ನೂ ಬಿಡಿ, ಅವನು ಪೋರ್ಚುಗೀಸ್. ಕಾನೂನು ಅರಬ್ಬಿಯ ದಾರಿಯಲ್ಲಿ ಬಂದ ಗ್ರೀಕ್ ಪದ, ಮೊದಲ ಅರ್ಥ ಅಳತೆಯ ಕೋಲು. ಅದೆಲ್ಲ ಸಂಸ್ಕೃತದವರಿಗೆ ಖುಷಿ ಕೊಡಬಹುದು. ಆದರೆ ಅಪ್ಪಟ ಸಂಸ್ಕೃತದ ಹಾಗೆ ಕಾಣುವ "ಕೇಂದ್ರ"ವೂ ಗ್ರೀಕರದ್ದೇ. ಜ್ಯೋತಿಷದ ಲೆಕ್ಕದ ಜೊತೆ ಬಂದು ಕೂತದ್ದು.

ನಮ್ಮ ಕಣ್ಣೆದುರಿಗೇ ಹಳತಾದ ಪದಗಳೂ ಇವೆ. "ಒಂದು ನಯಾಪೈಸೆ ಇಲ್ಲ" ಅನ್ನುತ್ತೇವೆ. ನಯಾ ಅಂದರೆ ಹೊಸ. 1957ರವರೆಗೆ ರೂಪಾಯಿಗೆ ಹದಿನಾರಾಣೆ, ಅರವತ್ತನಾಲ್ಕು ಪೈಸೆ. ಆ ವರ್ಷ ನೂರರ ಲೆಕ್ಕ ಬಂದಾಗ ಹಳೆಯದರ ಜೊತೆ ಬೆರೆಯದಿರಲಿ ಅಂತ ಹೊಸ ನಾಣ್ಯಕ್ಕೆ ನಯಾ ಪೈಸೆ ಅಂದರು. 1964ರಲ್ಲಿ ಸರ್ಕಾರ ನಯಾ ತೆಗೆಯಿತು. ನಾಣ್ಯವೇ ಹೋಯಿತು. ಬಾಯಿ ಮಾತ್ರ ಅದನ್ನು ಇನ್ನೂ ಹೊಸದು ಅಂತಲೇ ಕರೆಯುತ್ತಿದೆ.

ಅಂದಹಾಗೆ, ನನ್ನ ಆ ಹಳೆಯ ಬರಹವನ್ನು ಅವತ್ತೇ ಅಳಿಸಿದ್ದೆ. ಆದರೆ ಅದು ಆಗಲೇ ಮನೆ ಬಿಟ್ಟು ಹೋಗಿತ್ತು. ಕಳೆದ ವಾರ ನಮ್ಮ ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಬಂತು. ನನ್ನ ಹೆಸರಿಲ್ಲ. ಮೇಲೆ ಎರಡು ದೀಪದ ಚಿತ್ರ, ಕೆಳಗೆ "ಸಾವಿರಾರು ವರ್ಷಗಳ ಹಿಂದೆ ನಮ್ಮ ಹಿರಿಯರು" ಅಂತ ಹೊಸದಾಗಿ ಸೇರಿಸಿದ ಒಂದು ಸಾಲು. ಇದು ತಪ್ಪು, ಪದ ಪಾರಸಿಯದು, ಈ ಕಥೆ ಕಟ್ಟಿದವನು ನಾನೇ ಅಂತ ಉದ್ದಕ್ಕೆ ಬರೆದೆ. ಕಳಿಸಿದ್ದ ಚಿಕ್ಕಮ್ಮನಿಂದ ಎರಡೇ ನಿಮಿಷದಲ್ಲಿ ಉತ್ತರ ಬಂತು.

"ಪರವಾಗಿಲ್ಲ ಬಿಡೋ."