ಒಪ್ಪಿಗೆ ಪತ್ರ ಕನ್ನಡದಲ್ಲಿ, ಫಲಿತಾಂಶ?

ಸಂಶೋಧಕರಿಗೆ ನಮ್ಮ ಕಾಸರಗೋಡು ಎಂದರೆ ಬಲು ಪ್ರೀತಿ. ವಿಷದ ಕಥೆ ಬೇಕೆಂದರೆ ಇಲ್ಲಿದೆ, ನೀರಿನ ಸುರಂಗ ಬೇಕೆಂದರೆ ಇಲ್ಲಿದೆ, ಒಂದೇ ಪೇಟೆಯಲ್ಲಿ ಏಳು ಭಾಷೆ ಕೇಳಬೇಕೆಂದರೂ ಇಲ್ಲಿಗೇ ಬರಬೇಕು. ಹಾಗಾಗಿ ಮಳೆ ಬಿಟ್ಟ ಮೇಲೆ ಯಾರಾದರೊಬ್ಬರು ಹೆಗಲಿಗೆ ಚೀಲ ಹಾಕಿಕೊಂಡು ಪೆರ್ಲದಲ್ಲೋ ಬದಿಯಡ್ಕದಲ್ಲೋ ಬಸ್ಸಿನಿಂದ ಇಳಿಯುತ್ತಾರೆ. ಬರಲಿ. ಬಂದವರನ್ನು ಬೆಲ್ಲ, ನೀರು ಕೊಟ್ಟು ಕೂರಿಸುವ ಜನ ನಾವು. ನನ್ನ ತಕರಾರು ಇರುವುದು ಅವರು ಹೋದ ಮೇಲಿನ ಸಂಗತಿಯ ಬಗ್ಗೆ.

ಮನುಷ್ಯರ ಮೇಲೆ ಆರೋಗ್ಯ ಸಂಬಂಧಿ ಸಂಶೋಧನೆ ನಡೆಸುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಇದೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು ಎಂದು ಅದು ಹೇಳುತ್ತದೆ. ಆದ್ದರಿಂದ ಒಪ್ಪಿಗೆ ಪತ್ರ ನಮಗೆ ಅಚ್ಚುಕಟ್ಟಾದ ಕನ್ನಡದಲ್ಲೋ ಮಲಯಾಳದಲ್ಲೋ ಬರುತ್ತದೆ. ರಕ್ತ ತೆಗೆಯುವ ತನಕ ನಮ್ಮ ಭಾಷೆ ಬೇಕು. ಆ ರಕ್ತದಲ್ಲಿ ಏನು ಕಂಡಿತು ಎಂದು ಬರೆಯುವ ಹೊತ್ತಿಗೆ ನಮ್ಮ ಭಾಷೆ ಯಾರಿಗೂ ನೆನಪಿರುವುದಿಲ್ಲ.

ಎಣ್ಮಕಜೆ ಪಂಚಾಯತಿನ ಪಡ್ರೆಯನ್ನೇ ನೋಡಿ. ಗೇರು ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲೆಂದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗೇರು ಗುಡ್ಡದ ಮೇಲೆ, ಮನೆ ಮತ್ತು ತೋಟ ತಗ್ಗಿನಲ್ಲಿ. ಗುಡ್ಡಕ್ಕೆ ಬಿದ್ದದ್ದು ಮಳೆನೀರಿನೊಂದಿಗೆ ಇಳಿದು ಬಂದದ್ದು ನಾವು ಕುಡಿಯುವ ನೀರಿಗೆ. ಇಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಕೇಳಿದವರು ದೂರದ ವಿಜ್ಞಾನಿಗಳಲ್ಲ, ವಾಣಿನಗರದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು ಇಲ್ಲಿ ಪರೀಕ್ಷಿಸಿ, ಸಿಂಪಡಣೆ ಇಲ್ಲದ ಇನ್ನೊಂದು ಊರಿನ 90 ಹುಡುಗರೊಂದಿಗೆ ಹೋಲಿಸಿದರು. ಎಂಡೋಸಲ್ಫಾನ್ ಹುಡುಗರ ಪ್ರಾಯಕ್ಕೆ ಬರುವಿಕೆಯನ್ನು ತಡಮಾಡುತ್ತಿರಬಹುದು, ಲೈಂಗಿಕ ಹಾರ್ಮೋನುಗಳ ಉತ್ಪತ್ತಿಗೆ ಅಡ್ಡಿಯಾಗುತ್ತಿರಬಹುದು ಎಂದು 2003ರಲ್ಲಿ ಅಮೆರಿಕದ ಒಂದು ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ಲೇಖನ ಇಂದಿಗೂ ಅಂತರ್ಜಾಲದಲ್ಲಿದೆ. ಒಂದು ಪೈಸೆಯನ್ನೂ ಕೊಡದೆ ಯಾರು ಬೇಕಾದರೂ ಓದಬಹುದು. ಆ ಹುಡುಗರಿಗೆ ಈಗ ಮೂವತ್ತು ದಾಟಿದೆ, ಕೆಲವರು ನಲವತ್ತನ್ನೂ ದಾಟಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೆ ಎಷ್ಟು ಜನರ ರಕ್ತ, ಯಾರೊಂದಿಗೆ ಹೋಲಿಕೆ, ಎಷ್ಟರ ಮಟ್ಟಿಗೆ ಖಚಿತ ಎಂಬುದೆಲ್ಲ ಅವರಲ್ಲಿ ಹೆಚ್ಚಿನವರಿಗೆ ಓದಲಾಗದ ಇಂಗ್ಲಿಷಿನಲ್ಲಿದೆ.

ಇದರಿಂದ ಆದ ನಷ್ಟ ನಾವಂದುಕೊಂಡದ್ದಕ್ಕಿಂತ ದೊಡ್ಡದು. ವಿಜ್ಞಾನದ ಲೇಖನದಲ್ಲಿ ‘ಇರಬಹುದು’ ಎನ್ನುವುದಕ್ಕೆ ತೂಕವಿದೆ. ಅದನ್ನು ಬರೆದವರು ಅಳೆದು ಬರೆದಿರುತ್ತಾರೆ. ಊರಿಗೆ ತಲುಪಿದ್ದು ದಿನಪತ್ರಿಕೆಯ ತಲೆಬರಹ ಮತ್ತು ಮೈಕಿನ ಮುಂದಿನ ಭಾಷಣ. ಅಲ್ಲಿ ‘ಇರಬಹುದು’ ಇರುವುದಿಲ್ಲ, ಒಂದೋ ಎಲ್ಲ ರೋಗಕ್ಕೂ ಅದೇ ಕಾರಣ, ಇಲ್ಲವೋ ಎಲ್ಲವೂ ಸುಳ್ಳು. ಮುಂದೆ ಕೆಲವು ವಿಜ್ಞಾನಿಗಳು ಎಂಡೋಸಲ್ಫಾನಿಗೂ ಇಲ್ಲಿನ ಕಾಯಿಲೆಗಳಿಗೂ ಇರುವ ಸಂಬಂಧವನ್ನೇ ಪ್ರಶ್ನಿಸಿದಾಗ, ಜನರಿಗೆ ಅದು ವಾದ ಎನಿಸಲಿಲ್ಲ, ಮುಖಕ್ಕೆ ಹೊಡೆದಂತೆ ಎನಿಸಿತು. ಎನಿಸದೆ ಇರಲು ಹೇಗೆ ಸಾಧ್ಯ? ಮೊದಲನೆಯ ವಾದವನ್ನೇ ಯಾರೂ ಅವರ ಮುಂದೆ ಬಿಚ್ಚಿಟ್ಟಿರಲಿಲ್ಲ. ತಮ್ಮದೇ ಮೈಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಅವರು ಕೇವಲ ಸಾಕ್ಷ್ಯವಾಗಿ ಉಳಿದರು.

ನನ್ನ ತಂಗಿಯ ಮಗಳು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಇದನ್ನೆಲ್ಲ ಅವಳ ಮುಂದೆ ಹೇಳಿದರೆ ನಗುತ್ತಾಳೆ. “ಮಾವ, ನಿಮಗೇನು, ಹೇಳಿಬಿಡುತ್ತೀರಿ. ಇಂಗ್ಲಿಷಿನಲ್ಲಿ ಎರಡು ಲೇಖನ ಬಂದರೆ ನನಗೆ ಸಂದರ್ಶನಕ್ಕೆ ಕರೆ ಬರುತ್ತದೆ. ಕನ್ನಡದಲ್ಲಿ ಇಪ್ಪತ್ತು ಬರೆದರೆ ನಿಮ್ಮಂಥವರು ಲೈಕ್ ಒತ್ತುತ್ತೀರಿ” ಎಂದಳು. ಉತ್ತರ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ಬರೆಯಬೇಡಿ ಎಂದು ನಾನೂ ಹೇಳುವುದಿಲ್ಲ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬಹುಕಾಲ ಉಳಿಯುವ ವಿಷಗಳ ಕುರಿತಾದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಗೆ ಮಧ್ಯಂತರ ತಡೆ ನೀಡಿತು. ಪಡ್ರೆಯ ವಿಷಯ ಅಲ್ಲಿಯವರೆಗೆ ಏರಿದ್ದರಲ್ಲಿ ಇಂಗ್ಲಿಷಿನ ಪಾಲು ದೊಡ್ಡದು. ನಾನು ಕೇಳುವುದು ಎರಡು ಪುಟ ಕನ್ನಡ, ಅಷ್ಟೇ.

ಹಣ ಇಲ್ಲ ಎನ್ನುವವರಿಗೆ ಒಂದು ಲೆಕ್ಕ. 2025ರ ಜನವರಿಯಿಂದ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ನಡೆಸುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಿಗುತ್ತವೆ. ಒಳ್ಳೆಯದೇ, ಸಣ್ಣ ಕಾಲೇಜಿನ ಹುಡುಗಿಗೂ ಈಗ ದೊಡ್ಡ ಪತ್ರಿಕೆ ತೆರೆಯುತ್ತದೆ. ಅದರ ನೂರರಲ್ಲೊಂದು ಪಾಲೆಂದರೆ 60 ಕೋಟಿ. ಅಷ್ಟನ್ನು ದೇಶಭಾಷೆಗಳ ಸಾರಾಂಶಕ್ಕೆ ತೆಗೆದಿಟ್ಟರೆ ಯಾವ ಪ್ರಕಾಶಕನೂ ಬಡವನಾಗುತ್ತಿರಲಿಲ್ಲ.

ಇನ್ನು ಸುರಂಗದ ವಿಷಯ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರಕ್ಕೆ, ಪಿಕ್ಕಾಸಿನಿಂದ ಕೊರೆಯುತ್ತ ಹೋಗುವುದು. ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ಹೊರಗೆ ಬರುವುದು. ಒರತೆ ಸಿಕ್ಕಿದರೆ ಪಂಪಿಲ್ಲದೆ ತೋಟಕ್ಕೆ ನೀರು. ನಮ್ಮ ನೆರೆಯ ಕೇಪುವಿನ ಅಮೈ ಮಹಾಲಿಂಗ ನಾಯ್ಕರು ಹೀಗೆ ಒಬ್ಬರೇ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಇಂಗ್ಲೆಂಡಿನ ವಿಶ್ವವಿದ್ಯಾನಿಲಯದವರೂ ಬಂದು ಇದನ್ನು ಅಭ್ಯಾಸ ಮಾಡಿದ್ದಾರೆ, ಇರಾನಿನ ಕನಾತ್ ಎಂಬ ನೆಲದಡಿಯ ಕಾಲುವೆಗಳೊಂದಿಗೆ ಹೋಲಿಸಿದ್ದಾರೆ.

ನಮ್ಮ ಮನೆಯ ಹಿಂದೆಯೂ ಅಜ್ಜನ ಕಾಲದ ಒಂದು ಸುರಂಗವಿದೆ. ಒಂದು ವಿಶ್ವವಿದ್ಯಾನಿಲಯದ ತಂಡ ಬಂದು ಉದ್ದ ಅಳೆದು, ಬಕೆಟ್ ಇಟ್ಟು ಗಡಿಯಾರ ನೋಡಿ ನೀರಿನ ಹರಿವನ್ನು ಲೆಕ್ಕ ಹಾಕಿ, ಪ್ರತಿ ಕಳುಹಿಸುತ್ತೇವೆ ಎಂದು ಹೇಳಿ ಹೋಯಿತು. ಪ್ರತಿ ಬರಲಿಲ್ಲ. ಪಿಎಚ್.ಡಿ. ಪ್ರಬಂಧಗಳನ್ನು ಶೋಧಗಂಗಾ ಎಂಬ ತಾಣಕ್ಕೆ ಏರಿಸಬೇಕೆಂಬ ಯುಜಿಸಿ ನಿಯಮ ಇರುವುದರಿಂದ ಹುಡುಕಿದೆ, ಸಿಕ್ಕಿತು. ನಮ್ಮ ಸುರಂಗದ ಚಿತ್ರವಿದೆ. ‘ಮಾಹಿತಿದಾರ, ಪುರುಷ, ಕೃಷಿಕ’ ಎಂದು ನಾನೂ ಇದ್ದೇನೆ. ಸುತ್ತಲಿನ ಕೊಳವೆಬಾವಿಗಳು ಸುರಂಗದ ನೀರನ್ನು ಹೇಗೆ ಕಡಿಮೆ ಮಾಡುತ್ತವೆ ಎಂಬುದಕ್ಕೆ ಒಂದು ಇಡೀ ಅಧ್ಯಾಯವಿದೆ. ನಾನು ಅದನ್ನು ಓದುವ ಹೊತ್ತಿಗೆ ಮೇಲಿನ ಮನೆಯವರ ಕೊಳವೆಬಾವಿಗೆ ಪಂಪು ಇಳಿಸಿಯೂ ಆಗಿತ್ತು. ಆ ಅಧ್ಯಾಯದ ನಾಲ್ಕು ವಾಕ್ಯ ಕನ್ನಡದಲ್ಲಿ ಸಮಯಕ್ಕೆ ಬಂದಿದ್ದರೆ ಅವರೊಂದಿಗೆ ಕೂತು ಮಾತನಾಡಲು ನನ್ನ ಕೈಯಲ್ಲಿ ಏನಾದರೂ ಇರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ತುಳುನಾಡಿನ ಬುಡಕಟ್ಟು ಜನರಾದ ಕೊರಗರ ಕುರಿತ ಇತ್ತೀಚಿನ ಅಧ್ಯಯನ. ಮಂಗಳೂರು ವಿಶ್ವವಿದ್ಯಾನಿಲಯ, ಯೆನೆಪೊಯ ವಿಶ್ವವಿದ್ಯಾಲಯ ಮತ್ತು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ್ದು. ಕೊರಗರ ವಂಶವಾಹಿಗಳಲ್ಲಿ ಸುಮಾರು 4,400 ವರ್ಷ ಹಿಂದಿನ, ಈವರೆಗೆ ಪ್ರತ್ಯೇಕವಾಗಿ ಗುರುತಿಸಿರದ ಒಂದು ಅಂಶ ಕಂಡಿದೆ, ಅದಕ್ಕೂ ದ್ರಾವಿಡ ಭಾಷೆಗಳ ಮೂಲಕ್ಕೂ ನಂಟಿರಬಹುದು ಎನ್ನುತ್ತಾರೆ. ಮೆಚ್ಚಬೇಕಾದ ಕೆಲಸ. ಆದರೆ ಇದನ್ನು ಹೇಳುವ ಬಗೆ ತಪ್ಪಿದರೆ ಎಷ್ಟು ಅನಾಹುತ ನೋಡಿ. ಒಂದು ಅಂಶ ಹಳೆಯದೆಂದರೆ ಆ ಜನ ಉಳಿದವರಿಗಿಂತ ಹಳಬರು ಎಂದಲ್ಲ. ಎಲ್ಲರ ಪೂರ್ವಜರೂ ಅಷ್ಟೇ ಹಿಂದಿನವರು, ನಮ್ಮಲ್ಲಿ ಬೆರೆತು ಮಸುಕಾದದ್ದು ಸಣ್ಣ ಸಮುದಾಯವೊಂದರಲ್ಲಿ ಎದ್ದು ಕಂಡಿದೆ. ವಂಶವಾಹಿ ಒಂದು ಭಾಷೆಯನ್ನು ಮಾತನಾಡುವುದೂ ಇಲ್ಲ. ಈ ಎಚ್ಚರವಿಲ್ಲದೆ ಸುದ್ದಿ ವಾಟ್ಸ್ಆ್ಯಪಿಗೆ ಬಿದ್ದರೆ ‘ಮೂಲನಿವಾಸಿ ಯಾರು’ ಎಂಬ ಜಗಳಕ್ಕೆ ಇನ್ನೊಂದು ಕೊಡಲಿ ಸಿಕ್ಕಂತಾಗುತ್ತದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವಂಥ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಅಷ್ಟು ಅವಮಾನ ಉಂಡ ಸಮುದಾಯಕ್ಕೆ ತನ್ನ ಮೈಯೊಳಗಿನ ಇಂಥ ಸಂಗತಿ ಬೇರೆಯವರ ಬಾಯಿಂದ ಗಾಳಿಮಾತಾಗಿ ತಲುಪಬಾರದು. ಇಲ್ಲಿ ಕನ್ನಡವೊಂದೇ ಸಾಲದು ಎಂಬುದನ್ನೂ ಕನ್ನಡಾಭಿಮಾನಿಗಳಾದ ನಾವು ಒಪ್ಪಬೇಕು. ತುಳುವಿನಲ್ಲಿ, ಕೊರಗರ ನುಡಿಯಲ್ಲಿ, ಕಾಲನಿಯ ಅಂಗಳದಲ್ಲಿ ಕೂತು, ಪ್ರಶ್ನೆ ಕೇಳುವಷ್ಟು ಹೊತ್ತು ಕೊಟ್ಟು ಹೇಳಬೇಕಾದದ್ದು ಅದು. ಮೊಬೈಲಿನ ಅನುವಾದ ಯಂತ್ರ ವಾಕ್ಯ ಕೊಡುತ್ತದೆ, ಆದರೆ ಅಜ್ಜಿಯೊಬ್ಬರು “ಹಾಗಾದರೆ ನಮ್ಮ ಮಕ್ಕಳಿಗೆ ಇದರಿಂದ ಏನಾದರೂ ಕಾಯಿಲೆಯೇ?” ಎಂದು ಕೇಳಿದರೆ ಅವರ ಮುಖ ನೋಡಿ ಉತ್ತರಿಸುವುದಿಲ್ಲ.

ಆಗದ ಕೆಲಸವೇನೂ ಅಲ್ಲ. ಕೃಷಿವಿಜ್ಞಾನ ಇದನ್ನು ಮಾಡಿ ತೋರಿಸಿದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರದಂಥ ಜೀವಿಯನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದರು. ಇವತ್ತು ನಮ್ಮಲ್ಲಿ ಮದ್ದು ಬಿಡಲು ಮರ ಹತ್ತುವ ಯಾವನನ್ನು ಕೇಳಿದರೂ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ನಿದ್ದೆಗಣ್ಣಲ್ಲೂ ಹೇಳುತ್ತಾನೆ. ಫ್ರಾನ್ಸಿನ ದ್ರಾಕ್ಷಿತೋಟದಿಂದ ಬಂದ ಬೋರ್ಡೋ ದ್ರಾವಣ ಇಷ್ಟು ದೂರ ಇಳಿಯಿತು. 1916ರಲ್ಲಿ ಕಾಸರಗೋಡಿನಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಮುಂದೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. ಅಲ್ಲಿನ ವಿಜ್ಞಾನಿಗೆ ರೈತನ ಎದುರು ನಿಂತು ಕನ್ನಡದಲ್ಲೋ ಮಲಯಾಳದಲ್ಲೋ ಮಾತನಾಡುವುದು ಕೆಲಸದ ಭಾಗ. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಮಂಜೇಶ್ವರದ ಗೋವಿಂದ ಪೈಗಳಂತೂ ಯಾವ ವಿಶ್ವವಿದ್ಯಾನಿಲಯದ ಹುದ್ದೆಯೂ ಇಲ್ಲದೆ ಮನೆಯ ಪುಸ್ತಕಗಳ ನಡುವೆ ಕೂತು ತುಳುನಾಡಿನ ಇತಿಹಾಸದ ತಿಥಿ-ವಾರಗಳನ್ನು ಕನ್ನಡದಲ್ಲೇ ಜಗಳವಾಡಿ ಬರೆದರು. ಇತಿಹಾಸ, ಸಾಹಿತ್ಯದಂಥ ಮಾನವಿಕಗಳಲ್ಲಿ ಈ ದಾರಿ ಇನ್ನೂ ಮುಚ್ಚಿಹೋಗಿಲ್ಲ. ಆರೋಗ್ಯ, ವಂಶವಾಹಿ, ಸಮಾಜದ ಸಮೀಕ್ಷೆಗಳೇ ನಮ್ಮಿಂದ ಪಡೆದು ಹೋಗಿ ಮರಳಿ ಬಾರದವು.

ದಕ್ಷಿಣ ಆಫ್ರಿಕಾದ ಸ್ಯಾನ್ ಬುಡಕಟ್ಟಿನ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿಸಂಹಿತೆ ಹೊರಡಿಸಿದರು: ನಮ್ಮನ್ನು ಅಭ್ಯಾಸ ಮಾಡುವವರು ಗೌರವದಿಂದ ವರ್ತಿಸಬೇಕು, ಪ್ರಾಮಾಣಿಕವಾಗಿರಬೇಕು, ನಮಗೂ ಪಾಲು ಸಿಗಬೇಕು ಎಂದು. ಅಮೆರಿಕದ ಹವಸುಪೈ ಬುಡಕಟ್ಟಿನ ಜನ ಮಧುಮೇಹದ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು ಬೇರೆಯದಕ್ಕೂ ಬಳಸಿದರೆಂದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಿ, 2010ರಲ್ಲಿ 7 ಲಕ್ಷ ಡಾಲರ್ ಪರಿಹಾರದೊಂದಿಗೆ ಉಳಿದ ಮಾದರಿಗಳನ್ನೂ ವಾಪಸು ಪಡೆದರು. ನಾವು ಕೋರ್ಟಿಗೆ ಹೋಗಬೇಕಾಗಿಲ್ಲ. ಪಂಚಾಯತು ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಟ್ಟರೆ ಸಾಕು. ಯಾರು ಬಂದರು, ಯಾವ ವಿಷಯಕ್ಕೆ, ಯಾವ ಸಂಸ್ಥೆಯಿಂದ, ಏನು ಪಡೆದರು, ಫಲಿತಾಂಶವನ್ನು ಯಾವ ಗ್ರಾಮಸಭೆಯಲ್ಲಿ ಯಾವ ಭಾಷೆಯಲ್ಲಿ ಹೇಳಿದರು. ಕೊನೆಯ ಅಂಕಣ ಖಾಲಿ ಬಿದ್ದಿದ್ದರೆ ಅದೇ ಸಂಸ್ಥೆಯ ಮುಂದಿನ ತಂಡ ಬಂದಾಗ ಆ ಪುಟವನ್ನು ಅವರ ಮುಂದೆ ತೆರೆದಿಡುವುದು. ಎಣ್ಮಕಜೆ, ಬದಿಯಡ್ಕ, ಪೈವಳಿಕೆಯ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ. ನಮೂನೆಯನ್ನು ನಾನೇ ಬರೆದು ಕೊಡುತ್ತೇನೆ, ತಂಗಿಯ ಮಗಳ ಅಧ್ಯಯನವನ್ನು ಮೊದಲ ಸಾಲಿನಲ್ಲೇ ನಮೂದಿಸಲು ಅವಳ ಒಪ್ಪಿಗೆಯನ್ನೂ ಕೇಳಿದ್ದೇನೆ.