ತರಬೇತಿ ಕೊಟ್ಟಿದ್ದು ಯಾರಿಗೆ, ಯಾವ ಊರಿನ ಕಾಯಿಲೆಗೆ?

ನಿನ್ನೆ ಶಿವಮೊಗ್ಗದಲ್ಲಿ ಒಂದು ತರಬೇತಿಗೆ ಹೋಗಿದ್ದೆ. ನಮ್ಮ ಕ್ರೈಸ್ತ ಸಭೆಗಳ, ಅಂದರೆ ಚರ್ಚ್‌ಗಳ ಸಭಾಪಾಲಕರಿಗೆ, ಸಭೆ ಹಿರಿಯರಿಗೆ ಸಮುದಾಯ ಆರೋಗ್ಯ ಮತ್ತು ಅಭಿವೃದ್ಧಿ ಸೇವೆ ಕಲಿಸುವ ಕಾರ್ಯಕ್ರಮ. ವಿಷಯ ಕೇಳಿಯೇ ಖುಷಿಯಾಗಿತ್ತು, ಕೊನೆಗೂ ನಮ್ಮವರು ಈ ಕಡೆ ತಿರುಗಿದರಲ್ಲ ಅಂತ. ವಾಪಸ್ ಬರುವಾಗ ಸಿಟ್ಟು ಬಂದಿತ್ತು. ಇವತ್ತೂ ಇಳಿದಿಲ್ಲ. ಅದಕ್ಕೇ ಬರೀತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ಮಾತಾಡಿದವರು ಒಳ್ಳೆಯವರು, ತಿಳಿದವರು. ಆದರೆ ತೋರಿಸಿದ ಚಿತ್ರ ಎಲ್ಲಾ ಯಾವುದೋ ಬಯಲು ಸೀಮೆಯದ್ದು, ಯಾವುದೋ ದೂರದೇಶದ್ದು. ಕೊಳವೆಬಾವಿ, ಸೊಳ್ಳೆಪರದೆ, ಮಲೇರಿಯಾ. ಬೆಳಿಗ್ಗೆಯಿಂದ ಸಂಜೆ ತನಕ ಕಾದೆ, ಮಂಗನ ಕಾಯಿಲೆ ಅನ್ನುವ ಮಾತು ಒಂದು ಸಲವೂ ಬರಲಿಲ್ಲ. ಶಿವಮೊಗ್ಗದಲ್ಲಿ ಕೂತು! ಕಾಡಿನ ಉಣುಗು ಕಚ್ಚಿ ಮಂಗಕ್ಕೂ ಮನುಷ್ಯರಿಗೂ ಬರುವ ಈ ಕಾಯಿಲೆ ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಇಡೀ ಜಗತ್ತು ಅದನ್ನು ಆ ಊರಿನ ಹೆಸರಿಂದಲೇ ಕರೆಯುತ್ತೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಸಾವಿನ ಮೇಲೆ ಸಾವು ಆಗಿದ್ದನ್ನು ಆ ಸಭಾಂಗಣದಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಕಣ್ಣಾರೆ ನೋಡಿದವರು. ಹಳೇ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಈ ಕಾಯಿಲೆಗೆ ಅಂತಲೇ ಇರುವ ಔಷಧಿಯೂ ಇಲ್ಲ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಬೇಕು, ಬಂದಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಬೇಕು, ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು, ಜ್ವರ ಬಂದರೆ ತಡ ಮಾಡದೆ ಪರೀಕ್ಷೆಗೆ ರಕ್ತ ಕೊಡಬೇಕು. ನಮ್ಮ ಕೈಲಿರೋದು ಇಷ್ಟೇ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ಆದರೆ ಯಾರಾದರೂ ಮನೆಮನೆಗೆ ಹೋಗಿ, ಹೇಳಿದ್ದನ್ನೇ ಮತ್ತೆಮತ್ತೆ ಹೇಳಬೇಕು. ಸಭೆ ಅನ್ನೋದು ಇರೋದೇ ಇಂಥ ಕೆಲಸಕ್ಕೆ ಅಲ್ವಾ?

ಇನ್ನು ಬಂದವರು ಯಾರು? ಅಯ್ಯನವರುಗಳು ಅಂದರೆ ಸಭಾಪಾಲಕರು, ಕಾರ್ಯದರ್ಶಿಗಳು, ಖಜಾಂಚಿಗಳು. ಹೆಂಗಸರದ್ದು ಹಿಂದೆ ಒಂದು ಸಾಲು. ಕಾಯಿಲೆ ಬಿದ್ದ ಮನೆಗೆ ಗಂಜಿ ತಗೊಂಡು ಹೋಗೋರು ಆ ಸಾಲಿನವರು. ಬಾಣಂತಿ ಮನೆಗೆ ಹೋಗೋರೂ ಅವರೇ. ಇಡೀ ದಿನ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಚಹಾ ಹೊತ್ತಿನಲ್ಲಿ ಸಾಗರದ ಕಡೆಯ ಒಬ್ಬ ಅಮ್ಮ ಪಕ್ಕಕ್ಕೆ ಬಂದು ಕೂತರು. ಮಾತು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಗೆ ಬಂತು. ಸರ್ಕಾರ ಪುಕ್ಕಟೆ ಕೊಡುತ್ತೆ, ಆದರೂ ಜನ ಯಾಕೆ ಹಚ್ಚಲ್ಲ ಅಂತ ಕೇಳಿದೆ. ಅವರು ಸೀರೆ ಸೆರಗು ಸರಿಸಿ ಮುಂಗೈ ಚಾಚಿದರು. "ನೋಡಪ್ಪಾ, ಇಲ್ಲಿಂದ ಇಲ್ಲಿ ತನಕ ಹಚ್ಕೊಂಡ್ರೆ ಅಂಟಂಟು. ಮೇಲೆ ದರಗಿನ, ಒಣ ಎಲೆಯ ಧೂಳು ಕೂರುತ್ತೆ. ಬೆವರಿಗೆ ಉರಿ ಬೇರೆ. ಹೊತ್ತು ಏರಿದಮೇಲೆ ಯಾರೂ ಹಚ್ಚಲ್ಲ. ನಾನು ಬೆಳಿಗ್ಗೆ ಬಾಗಿಲಲ್ಲೇ ನಿಂತು ಸೊಸೆಗೆ, ಮಗನಿಗೆ ಹಚ್ಚಿ ಕಳಿಸ್ತೀನಿ. ಬಾಟ್ಲಿ ಒಳಗಿಟ್ರೆ ಮರ್ತು ಹೋಗುತ್ತೆ, ಅದಕ್ಕೆ ಕತ್ತಿ ಪಕ್ಕದಲ್ಲೇ ನೇತು ಹಾಕಿದೀನಿ." ಕತ್ತಿ ತಗೊಳ್ಳದೆ ಯಾರೂ ಬೆಟ್ಟಕ್ಕೆ ಹೋಗಲ್ಲ, ಕತ್ತಿಗೆ ಕೈ ಹಾಕಿದರೆ ಬಾಟ್ಲಿ ಕಾಣುತ್ತೆ. ಇಡೀ ದಿನದಲ್ಲಿ ನಾನು ಕಲಿತ ಪಾಠ ಇದೊಂದೇ. ಆ ಅಮ್ಮ ವೇದಿಕೆ ಮೇಲೆ ಇರಬೇಕಿತ್ತು.

ನನಗ್ಯಾಕೆ ಇಷ್ಟು ಸಿಟ್ಟು ಅಂತ ಹತ್ತಿರದವರಿಗೆ ಗೊತ್ತು. ದೊಡ್ಡಮ್ಮ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಕಿದ ವಾರದಲ್ಲೇ ಮಲಗಿದರು. ಒಮ್ಮೆಲೇ ಜ್ವರ, ತಲೆ ಸಿಡಿಯುವ ನೋವು, ಸೊಂಟ ಎತ್ತಲಾಗದಂಥ ನೋವು. ಮೊದಲು ಮನೆಗೆ ಬಂದವರು ಅಯ್ಯನವರು. ಪ್ರೀತಿಯಿಂದ ಪ್ರಾರ್ಥನೆ ಮಾಡಿದರು, ಹಣೆ ಮೇಲೆ ಕೈಯಿಟ್ಟರು. ಜ್ವರ ಬಿಟ್ಟಿತು. ಭಾನುವಾರ ದೊಡ್ಡಮ್ಮ ಸಭೆಯಲ್ಲಿ ಎದ್ದು ನಿಂತು, ದೇವರು ವಾಸಿ ಮಾಡಿದ ಅಂತ ಸಾಕ್ಷಿಯನ್ನೂ ಹೇಳಿದರು. ಆಮೇಲೆ ಜ್ವರ ತಿರುಗಿ ಬಂತು, ಮಾತು ತೊದಲಿತು, ಮಕ್ಕಳ ಗುರುತು ಹತ್ತಲಿಲ್ಲ. ಈ ಕಾಯಿಲೆಯ ರೀತಿಯೇ ಹಾಗೆ. ಕೆಲವರಿಗೆ ಬಿಟ್ಟು, ಒಂದೆರಡು ವಾರ ಸುಮ್ಮನಿದ್ದು, ಮತ್ತೆ ಬಂದು ತಲೆಗೆ ಏರುತ್ತೆ. ಮಣಿಪಾಲಕ್ಕೆ ಹೊತ್ತುಕೊಂಡು ಹೋಗಿ ಉಳಿಸಿಕೊಂಡೆವು. ಅಯ್ಯನವರು ಆಸ್ಪತ್ರೆಗೆ ಬಂದು ನಮ್ಮ ಜೊತೆ ಅತ್ತರು. ಅವರ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ. ಅಷ್ಟು ವರ್ಷ ಓದಿ ಬಂದವರಿಗೆ, ಮಲೆನಾಡಲ್ಲಿ ಡಿಸೆಂಬರ್‌ನಿಂದ ಮೇ ತನಕ ಜ್ವರ ಅಂದರೆ ಮೊದಲು ರಕ್ತ ಪರೀಕ್ಷೆ ಅಂತ ಒಬ್ಬರೂ ಹೇಳಿಕೊಟ್ಟಿರಲಿಲ್ಲ. ನಿನ್ನೆಯೂ ಹೇಳಿಕೊಡಲಿಲ್ಲ! ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ಹೇಗೆ ಕಲಿಸಬೇಕು ಅನ್ನೋದನ್ನು ನಮ್ಮವರೇ ಮಾಡಿ ತೋರಿಸಿದ್ದಾರೆ. 1970ರಲ್ಲಿ ಡಾಕ್ಟರ್ ರಜನಿಕಾಂತ್ ಅರೋಳೆ ಮತ್ತು ಮೇಬಲ್ ಅರೋಳೆ ಮಹಾರಾಷ್ಟ್ರದ ಜಾಮಖೇಡಕ್ಕೆ ಹೋದರು. ಇಬ್ಬರೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಲ್ಲಿ ಓದಿದವರು. ಬರಗಾಲದ ಊರು, ಜನಕ್ಕೆ ಮೊದಲು ಬೇಕಾಗಿದ್ದು ಮಾತ್ರೆ ಅಲ್ಲ, ನೀರು ಮತ್ತು ಊಟ. ಅಲ್ಲಿಂದಲೇ ಶುರು ಮಾಡಿದರು. ಆರೋಗ್ಯದ ಕೆಲಸಕ್ಕೆ ಊರಿನ ಹೆಂಗಸರನ್ನೇ ಆರಿಸಿಕೊಂಡರು. ಅವರಲ್ಲಿ ತುಂಬಾ ಜನಕ್ಕೆ ಅಕ್ಷರ ಬರ್ತಿರಲಿಲ್ಲ, ಅನೇಕರು ದಲಿತರು. ಒಂದೇ ಸಲ ಕೂರಿಸಿ ಪಾಠ ಮುಗಿಸಿ ಕಳಿಸಲಿಲ್ಲ. ವಾರವಾರ ಬಂದು ಕಲಿಯೋದು, ಊರಿಗೆ ಹೋಗಿ ಮಾಡೋದು, ಎಡವಿದ್ದನ್ನು ಮುಂದಿನ ವಾರ ಬಂದು ಹೇಳೋದು. ಹೆರಿಗೆ, ಮಕ್ಕಳ ಭೇದಿ, ಕುಷ್ಠ, ಕ್ಷಯ ಎಲ್ಲವನ್ನೂ ಆ ಹೆಂಗಸರು ನೋಡಿಕೊಂಡರು. 1979ರಲ್ಲಿ ಅರೋಳೆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1978ರ ಆಲ್ಮಾ ಆಟಾ ಘೋಷಣೆ, ಅಂದರೆ ಪ್ರಾಥಮಿಕ ಆರೋಗ್ಯ ಎಲ್ಲರಿಗೂ ಸಿಗಬೇಕು ಅಂತ ದೇಶದೇಶಗಳು ಕೂಡಿ ಒಪ್ಪಿದ ಮಾತಿನ ಹಿಂದೆ ಇಂಥ ಊರುಗಳ ಅನುಭವ ಇತ್ತು. ಇಷ್ಟು ಹತ್ತಿರದ ಉದಾಹರಣೆ ಬಿಟ್ಟು ನಾವು ಒಂದು ದಿನದ ಭಾಷಣಕ್ಕೆ, ಒಂದು ಫೈಲು, ಒಂದು ಸರ್ಟಿಫಿಕೇಟಿಗೆ ತೃಪ್ತಿಪಡಬೇಕಾ?

ಊಟದ ಹೊತ್ತಿಗೆ ಒಬ್ಬ ಹಿರಿಯರು ಹೇಳಿದರು, "ಅಯ್ಯನವರ ಕೆಲಸ ವಾಕ್ಯ ಸಾರೋದು, ಜ್ವರ ನೋಡೋಕೆ ಡಾಕ್ಟರ್ ಇದ್ದಾರೆ." ಸರಿ, ಅಯ್ಯನವರು ಇಂಜೆಕ್ಷನ್ ಕೊಡಲಿ ಅಂತ ಯಾರು ಹೇಳಿದರು? ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಾಪಾಡಿದ, ಬೈಬಲ್‌ನ ಸಮಾರ್ಯದವನ ಕಥೆ ಮೇಲೆ ಎಷ್ಟು ಪ್ರಸಂಗ ಕೇಳಿದ್ದೇವೆ ನಾವು. ಅವನು ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದ, ತನ್ನ ಸವಾರಿ ಮೇಲೆ ಕೂರಿಸಿ ಛತ್ರಕ್ಕೆ ಕರ್ಕೊಂಡು ಹೋದ, ಖರ್ಚಿಗೆ ದುಡ್ಡು ಕೊಟ್ಟ. ಪ್ರಥಮ ಚಿಕಿತ್ಸೆ, ಗಾಡಿ, ಬಿಲ್ಲು ಮೂರೂ ಆ ಕಥೆಯಲ್ಲೇ ಇದೆ. ನಮ್ಮ ಕಡೆ ರಾತ್ರಿ ಹಾವು ಕಡಿದರೆ ಎಷ್ಟೋ ಮನೆಯಿಂದ ಮೊದಲ ಫೋನ್ ಹೋಗೋದು ಅಯ್ಯನವರಿಗೇ. ಆಗ ಅವರ ಬಾಯಿಂದ ಬರುವ ಮೊದಲ ಮಾತು ಏನಾಗಿರಬೇಕು? "ಕುಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಾಲು ಅಲುಗಾಡಿಸಬೇಡಿ, ಗಾಡಿ ಹತ್ತಿಸಿ, ಪ್ರಾರ್ಥನೆ ಗಾಡಿಯಲ್ಲೇ ಮಾಡೋಣ." ಇಷ್ಟು ಹೇಳೋದನ್ನು ಕಲಿಸಲು ಅರ್ಧ ಗಂಟೆ ಸಾಕು. ವಿಷಕ್ಕೆ ಮದ್ದು ಇರೋದು ಆಸ್ಪತ್ರೆಯಲ್ಲಿ, ನಾಟಿ ಮದ್ದಿನವರ ಮನೆ ಸುತ್ತಿ ಹೋಗೋ ಹೊತ್ತಿಗೆ ಜೀವ ಹೋಗಿರುತ್ತೆ.

ಇನ್ನೊಬ್ಬರದ್ದು ಬೇರೆ ಭಯ. ಸಭೆಯವರು ಮನೆಮನೆಗೆ ಹೋದರೆ ಮತಾಂತರ ಅಂತಾರೆ ಅಂತ. ಆ ಭಯ ಸುಳ್ಳಲ್ಲ, ನಮಗೆಲ್ಲ ಗೊತ್ತಿದೆ. ಆದರೆ ಅದು ಸುಮ್ನೆ ಮನೆಯಲ್ಲಿ ಕೂರೋಕೆ ಕಾರಣ ಆಗಬಾರದು. ಆಶಾ ಕಾರ್ಯಕರ್ತೆಯ ಜೊತೆ ಹೋಗಿ, ಅವರು ಮುಂದೆ ಇರಲಿ, ನಾವು ಹಿಂದೆ. ಎಲ್ಲರ ಮನೆಗೂ ಹೋಗಿ. ಎಣ್ಣೆ ಬಾಟ್ಲಿ ಜೊತೆ ಕರಪತ್ರ ಕೊಡಬೇಡಿ, ಯಾವ ಷರತ್ತೂ ಬೇಡ. ಸೇವೆ ಅಂದಮೇಲೆ ಅದು ಬರೀ ಸೇವೆಯೇ ಆಗಿರಬೇಕು. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಆಗಲ್ಲ. ಉಣುಗು ಕಚ್ಚುವಾಗ ಇದು ಯಾರ ಕಾಲು ಅಂತ ನೋಡಲ್ಲ.

ಸಂಘಟಕರಿಗೆ ನಿನ್ನೆಯೇ ಮುಖಾಮುಖಿ ಹೇಳಿದ್ದೇನೆ, ಇಲ್ಲೂ ಹೇಳ್ತೀನಿ. ಮುಂದಿನ ತರಬೇತಿ ನವೆಂಬರ್‌ನಲ್ಲಿ ಇಡಿ, ದರಗು ಗುಡಿಸೋಕೆ ಶುರು ಆಗುವ ಮುಂಚೆ. ಶಿವಮೊಗ್ಗದ ಹೋಟೆಲ್ ಬೇಡ, ಕಾಡಂಚಿನ ಯಾವುದಾದರೂ ಊರಿನ ಸಮುದಾಯ ಭವನ ಸಾಕು. ಆಶಾ ಕಾರ್ಯಕರ್ತೆ, ಪಿಎಚ್‌ಸಿ ನರ್ಸಮ್ಮ ಪಾಠ ಮಾಡಲಿ. ಕತ್ತಿ ಪಕ್ಕ ಬಾಟ್ಲಿ ಕಟ್ಟಿದ ಆ ಅಮ್ಮನನ್ನೂ ಕರೆಯಿರಿ. ಒಂದೊಂದು ಸಭೆಯಿಂದ ಅಯ್ಯನವರ ಜೊತೆ ಇಬ್ಬರು ಹೆಂಗಸರು ಬರಲೇಬೇಕು ಅಂತ ನಿಯಮ ಮಾಡಿ, ತಿಂಗಳಿಗೊಮ್ಮೆ ಮತ್ತೆ ಸೇರಿಸಿ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಸ್ನೇಹಿತರೇ, ನಿಮ್ಮ ಸಭೆಯಲ್ಲಿ ಮನೆಮನೆಗೆ ಹೋಗುವ ಅಮ್ಮಂದಿರು, ಅಕ್ಕಂದಿರು ಯಾರಿದ್ದಾರೆ ಅಂತ ಈ ವಾರವೇ ನನಗೆ ಇನ್‌ಬಾಕ್ಸ್ ಮಾಡಿ. ಅವರನ್ನು ಕೇಳಿ, ಒಪ್ಪಿಸಿ, ಆಮೇಲೆ ಹೆಸರು ಕಳಿಸಿ. ಪಟ್ಟಿ ಮಾಡಿ ಸಂಘಟಕರ ಕೈಗೆ ನಾನೇ ಕೊಟ್ಟು ಬರ್ತೀನಿ.